ಬಾಮೈದನಿಗೆ ಮಾತ್ರ ಆಡುವ ಮಾತು

ಪಟ್ಟಿಯಲ್ಲಿದ್ದ ಮೊದಲನೆಯ ಪದ ‘ಸಮುದ್ರ’.

ಶಾಲೆಯ ಜಗಲಿಯಲ್ಲಿ ತಾತ ಗೋಡೆಗೆ ಒರಗಿ ಕೂತಿದ್ದರು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪಟ್ಟಿ ಹರಡಿಕೊಂಡು, ಸೆನ್ಸಸ್‌ಗೆ ಬಂದವನ ಗಾಂಭೀರ್ಯದಲ್ಲಿ ಕೇಳಿದೆ:

“ತಾತ, ಸಮುದ್ರಕ್ಕೆ ನಿಮ್ಮ ಮಾತಲ್ಲಿ ಏನಂತೀರಿ?”

ತಾತ ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಟ್ಟವರಲ್ಲ. ಪ್ರಶ್ನೆ ಎಲ್ಲಿಂದ ಬಂತು ಎಂದು ಒಮ್ಮೆ ಆ ದಿಕ್ಕಿಗೆ ನೋಡಿ, ತಲೆಯ ಟೋಪಿ ಸರಿಮಾಡಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದರು.

“ನೀವು ನೋಡಿದ್ದೀರಾ ಮೇಷ್ಟ್ರೆ?”

“ಇಲ್ಲ ತಾತ.”

“ನಾನೂ ನೋಡಿಲ್ಲ. ನೋಡ್ದೆ ಇರೋರು ಇಬ್ರು ಕೂತ್ಕಂಡು ಅದ್ಕೆ ಎಸ್ರು ಇಡೋದು ಬ್ಯಾಡ ಬುಡಿ. ಗೊತ್ತಾದ್ರೆ ಬೇಜಾರ್ ಮಾಡ್ಕತದೆ.”

ಎರಡನೆಯ ಪದ ‘ಒಂಟೆ’. ನಾನು ಅದನ್ನು ಕೇಳಲೇ ಇಲ್ಲ.

ತಾತ ತೀರಿಕೊಂಡು ಮೂರು ತಿಂಗಳಾಯಿತು. ಎನ್. ಬೇಗೂರಿನಿಂದ ಇನ್ನಷ್ಟು ಒಳಕ್ಕೆ ಹೋದರೆ ಸಿಗುವ ಒಂದು ಹಾಡಿಯಲ್ಲಿ, ಅಂದರೆ ಜೇನುಕುರುಬರ ಕೇರಿಯಲ್ಲಿ, ಅವರ ಮನೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೇ ಕಂಡಕಂಡ ಕಾಗದದಲ್ಲಿ ಹೆಸರು ಬರೆಸಲು ಅವರು ಒಪ್ಪುತ್ತಿರಲಿಲ್ಲ. “ಕಾಗ್ದಕ್ಕೆ ಎಸ್ರು ಸೇರುದ್ರೆ ಆಮ್ಯಾಕೆ ಯಾರಾದ್ರೂ ಹುಡಿಕ್ಕಂಡು ಬತ್ತಾರೆ” ಎನ್ನುವುದು ಅವರು ಅನುಭವದಿಂದ ಕಂಡುಕೊಂಡ ಸತ್ಯ. ಹಾಗೆ ಹುಡುಕಿಕೊಂಡು ಬಂದವರೇ ಅವರ ಹಿರಿಯರನ್ನು ಬೆಟ್ಟದ ಮೇಲಿನಿಂದ ಇಳಿಸಿ, ಕಾಡಂಚಿನ ಈ ಶೀಟಿನ ಮನೆಗಳ ಸಾಲಿಗೆ ತಂದು ಬಿಟ್ಟಿದ್ದರು.

ಗಿಡ್ಡ ಆಳು. ಬೇಸಿಗೆ, ಚಳಿ ಎನ್ನದೆ ತಲೆಗೊಂದು ಮಂಕಿ ಟೋಪಿ. ಮೈಮೇಲೆ ಯಾರೋ ಫಾರೆಸ್ಟ್ ವಾಚರ್ ಕೊಟ್ಟ ಖಾಕಿ ಅಂಗಿ. ಅದರ ಮೇಲಿನ ಗುಂಡಿಯನ್ನು ಮಾತ್ರ ಎಂದೂ ಹಾಕಿದವರಲ್ಲ. ಕೇಳಿದರೆ, “ಪೂರ್ತಿ ಹಾಕುದ್ರೆ ಡ್ಯೂಟಿ ಮಾಡ್ಬೇಕಾಯ್ತದೆ” ಎನ್ನುವರು. ಡಾಂಬರು ರಸ್ತೆ ಇದ್ದರೂ ಅದರ ಪಕ್ಕದ ಮಣ್ಣಿನಲ್ಲೇ ನಡೆಯುವರು. ಜೇನು ಕೀಳಲು ಹಗ್ಗ ಹಿಡಿದು ಹಿಡಿದು ಅವರ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಹಾಗಾಗಿ ರೇಷನ್ ಅಂಗಡಿಯ ಮೆಷಿನ್ನು ಇಂಥ ಮನುಷ್ಯ ಇಲ್ಲವೇ ಇಲ್ಲ ಎಂದು ಸಾಧಿಸುತ್ತಿತ್ತು. ಅಂಗಡಿಯವನು ಮೆಷಿನ್ನಿಗೆ ಬೈದರೆ ತಾತ ಅದರ ಪರ ವಹಿಸುತ್ತಿದ್ದರು. “ಅದ್ಕೆ ಇನ್ನೂ ನನ್ ಗುರ್ತು ಸಿಕ್ಕಿಲ್ಲ, ಪಾಪ. ನಾಳೆ ಬತ್ತೀನಿ ಬುಡು.”

ಇನ್ನು ನನ್ನ ವಿಷಯ. ನಾನು ಹನಗೋಡಿನ ಕಡೆಯ ಬೇಸಾಯದ ಮನೆಯವನು. ಹಾಡಿಯ ಶಾಲೆಗೆ ಮೇಷ್ಟ್ರಾಗಿ ಬಂದು ಇಪ್ಪತ್ತು ವರ್ಷ ದಾಟಿದೆ. ಬಂದ ಹೊಸದರಲ್ಲಿ ನನಗೆ ಒಂದು ಹುಚ್ಚಿತ್ತು. ಮಕ್ಕಳು ತರಗತಿಯಲ್ಲಿ ಮನೆಯ ಮಾತು ಆಡಿದರೆ ಬಾಯಿಯ ಮೇಲೆ ಬೆರಳಿಟ್ಟು ನಿಲ್ಲಿಸುತ್ತಿದ್ದೆ. “ಶುದ್ಧವಾಗಿ ಮಾತಾಡಿ” ಎನ್ನುತ್ತಿದ್ದೆ. ನನ್ನ ಊರಿನಲ್ಲಿ ನಾವೆಲ್ಲ ಎಷ್ಟು ಶುದ್ಧವಾಗಿ ಮಾತಾಡುತ್ತಿದ್ದೆವು ಎನ್ನುವುದು ದೇವರಿಗೇ ಗೊತ್ತು. ಹೀಗೆ ಕೈಯಾರೆ ಒಂದು ತಲೆಮಾರಿನ ಬಾಯಿ ಮುಚ್ಚಿಸಿದ ಮೇಲೆ, ಜೇನುಕುರುಬರ ನುಡಿ ಅಳಿವಿನ ಅಂಚಿನಲ್ಲಿದೆ, ಅದರ ಪದಗಳನ್ನು ತುರ್ತಾಗಿ ಸಂಗ್ರಹಿಸಬೇಕು ಎಂದು ಒಂದು ಯೋಜನೆ ಬಂತು. ಸ್ಥಳೀಯ ಸಂಗ್ರಾಹಕನಾಗಿ ಯಾರನ್ನು ಆರಿಸಿದರು? ನನ್ನನ್ನೇ. ಕೋಳಿಗೂಡಿನ ಲೆಕ್ಕ ಬರೆಯಲು ನರಿಯನ್ನು ಕರೆದ ಹಾಗೆ. ಇದನ್ನು ನಗುತ್ತಾ ಬರೆಯುತ್ತಿದ್ದೇನೆ, ಆದರೆ ನೆನೆದಾಗೆಲ್ಲ ನಾಚಿಕೆಯಾಗುತ್ತದೆ.

ಯೋಜನೆಯ ಕಡೆಯಿಂದ ಮೈಸೂರಿನ ಒಬ್ಬ ಮೇಡಂ ಬರುತ್ತಿದ್ದರು. ಒಳ್ಳೆಯ ಹುಡುಗಿ, ಕೆಲಸದಲ್ಲಿ ನಿಷ್ಠೆ, ಬಿಸಿಲಿಗೆ ಅಂಜುವವಳಲ್ಲ. ಪಟ್ಟಿಯನ್ನು ಮಾತ್ರ ಯಾವುದೋ ದೂರದ ದೇಶದವರು ಮಾಡಿದ್ದರಂತೆ, ಅದನ್ನು ಬದಲಿಸುವ ಹಾಗಿರಲಿಲ್ಲ. ತಾತ ಅದರಲ್ಲಿ ತಮಗೆ ಪರಿಚಯವಿದ್ದ ಪದಗಳಿಗೆಲ್ಲ ಉತ್ತರ ಕೊಟ್ಟರು. ಆದರೆ ಅವರದೊಂದು ಕಟ್ಟಳೆ ಇತ್ತು. ಮರದ ಹೆಸರನ್ನು ಮರದ ಬುಡದಲ್ಲೇ ಹೇಳಬೇಕು. ಜಗಲಿಯ ಮೇಲೆ ಕೂತು ಹೇಳಿದರೆ ಅದು ಚಾಡಿಯಾಗುತ್ತದೆ.

“ಎದ್ರಿಗಿಲ್ದೋರ ಎಸ್ರು ಎತ್ತೋದು ಚಾಡಿ ಅಲ್ವಾ ಮೇಷ್ಟ್ರೆ? ನೀವೇ ಮಕ್ಳಿಗೆ ಏಳ್ಕೊಟ್ಟಿದ್ದೀರಿ.”

ಆ ಮರಗಳೆಲ್ಲ ಕಾಡಿನೊಳಗೆ. ಕಾಡಿಗೆ ಹೋಗಲು ಅನುಮತಿ ಬೇಕು. ಮೇಡಂ ಒಂದು ಅರ್ಜಿ ಬರೆದರು: ‘ಹದಿನಾಲ್ಕು ಪದಗಳನ್ನು ಸ್ಥಳದಲ್ಲೇ ಪಡೆಯಲು ಅನುಮತಿ ಕೋರಿ’. ಯಾವ ಕಚೇರಿಗೆ ಎಂದು ಹೇಳುವುದಿಲ್ಲ. ಅಲ್ಲಿಂದ ಬಂದ ಉತ್ತರ ಈಗಲೂ ನನ್ನ ಬಳಿ ಇದೆ. ಸದರಿ ಪದಗಳು ಕಿರು ಅರಣ್ಯ ಉತ್ಪನ್ನದ ವ್ಯಾಪ್ತಿಗೆ ಬರುತ್ತವೆಯೇ ಎಂದು ಸ್ಪಷ್ಟಪಡಿಸಬೇಕು, ಬಂದರೆ ಅವನ್ನು ಯಾವ ವಾಹನದಲ್ಲಿ ಹೊರತರಲಾಗುವುದೆಂದು ತಿಳಿಸಬೇಕು ಎಂದಿತ್ತು. ನಾನು ತಾತನಿಗೆ ಅದನ್ನು ಓದಿ ಹೇಳಿದೆ. ಅವರು ನಗಲಿಲ್ಲ. “ಸರ್ಯಾಗೇ ಕೇಳವ್ರೆ. ನಡ್ಕಂಡು ತತ್ತೀವಿ ಅಂತ ಬರೀರಿ” ಎಂದರು. ಹಾಗೇ ಬರೆದೆವು. ಅನುಮತಿ ಬಂತು!

ಹೀಗೆ ಪಟ್ಟಿ ಮುಂದೆ ಸಾಗಿ ಕೊನೆಯ ಭಾಗಕ್ಕೆ ಬಂತು: ‘ಬೈಗುಳ ಮತ್ತು ಪರಿಹಾಸ್ಯ’. ಮೇಡಂ ಪ್ರಕಾರ ಇದೇ ಬಹಳ ಮುಖ್ಯವಾದದ್ದು. ಒಂದು ಭಾಷೆಯ ಜೀವ ಅಲ್ಲೇ ಇರುವುದು ಎಂದರು. ತಾತನನ್ನು ಕೇಳಿದೆ. ಅವರು ಮೊದಲ ಬಾರಿಗೆ, ಯಾವ ದಿಕ್ಕಿಗೂ ನೋಡದೆ, ಕೂಡಲೇ ಉತ್ತರ ಕೊಟ್ಟರು.

“ಅದು ನಿಮ್ಗೆ ಏಳಂಗಿಲ್ಲ.”

“ಯಾಕೆ ತಾತ?”

“ನೀವು ನಂಗೆ ಬಾಮೈದ ಅಲ್ಲ.”

ಎಲ್ಲ ಹಾಡಿಗಳಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ. ಈ ಹಾಡಿಯ ಹಳಬರಲ್ಲಿ ಇದ್ದ ಕಟ್ಟು ಇದು: ಅಣ್ಣತಮ್ಮಂದಿರ ನಡುವೆ ತಮಾಷೆ ಇಲ್ಲ, ಅಪ್ಪಮಕ್ಕಳ ನಡುವೆ ಮೊದಲೇ ಇಲ್ಲ. ಗೇಲಿ, ಬೈಗುಳ, ಪೋಲಿ ಮಾತು, ಒಗಟು, ಉಲ್ಟಾ ಮಾತು, ಸುಳ್ಳೇ ಕಟ್ಟಿದ ಕಥೆ ಎಲ್ಲವೂ ಬಾವನಿಗೂ ಬಾಮೈದನಿಗೂ ಸೇರಿದ ಆಸ್ತಿ. ಬೇರೆಯವರಿಗೆ ಆಡಿದರೆ ಅದು ನಿಜವಾದ ಬೈಗುಳವಾಗಿ ಜಗಳವಾಗುತ್ತದೆ. ಹೆಂಡತಿಯ ತಮ್ಮನಿಗೆ ಆಡಿದರೆ ಮಾತ್ರ ಅದು ಪ್ರೀತಿ. ಆ ಮಾತಿನ ರಾಶಿಯೇ ಅವರ ನುಡಿಯ ಅರ್ಧ ಪಾಲು. ಹಾಡಿಯ ಈಗಿನ ಹುಡುಗರು ತಮ್ಮ ಬಾಮೈದರನ್ನು ಕನ್ನಡದಲ್ಲಿ, ಸಿನಿಮಾ ಡೈಲಾಗಿನಲ್ಲಿ ಗೇಲಿ ಮಾಡುತ್ತಾರೆ. ಹಳೆಯ ಮಾತು ಗೊತ್ತಿದ್ದ ಬಾವ–ಬಾಮೈದರ ಜೋಡಿ ಉಳಿದಿದ್ದುದು ಒಂದೇ. ಒಬ್ಬರು ತಾತ. ಇನ್ನೊಬ್ಬರು ಎರಡು ಮನೆ ಆಚೆಗಿದ್ದ ಅವರ ಬಾಮೈದ.

ಇಬ್ಬರೂ ಮಾತು ಬಿಟ್ಟು ಎಂಟು ವರ್ಷವಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಗಾದೆಯೇ ತಿರುಗಿ ನಿಂತಿತ್ತು. ಈ ಇಬ್ಬರು ಮುದುಕರು ಆಡದೆ ಇದ್ದರೆ ಮಾತು ಹೋಗುತ್ತಿತ್ತು.

ಕಾರಣವನ್ನು ನನಗೆ ಹೇಳಿದವರು ಅಜ್ಜಿ. ತಾತನ ಹೆಂಡತಿ, ಬಾಮೈದನ ಅಕ್ಕ. ರಾಗಿ ಕೇರುತ್ತಾ, ಮೊರ ನಿಲ್ಲಿಸದೆ ಹೇಳಿದರು.

ಹೆಜ್ಜೇನು ಕೀಳುವುದು ಎತ್ತರದ ಬಂಡೆಯಲ್ಲಿ. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು ಒಬ್ಬ ನೇತಾಡುತ್ತಾನೆ, ಮೇಲೆ ಒಬ್ಬ ಹಗ್ಗ ಹಿಡಿದಿರುತ್ತಾನೆ. ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಒಡಹುಟ್ಟಿದ ಅಣ್ಣನನ್ನೂ ನಂಬುವುದಿಲ್ಲ. ಅಕ್ಕ ಮುಂಡೆಯಾಗಲಿ ಎಂದು ಯಾವ ತಮ್ಮನೂ ಬಯಸುವುದಿಲ್ಲವಲ್ಲ, ಅದೇ ಲೆಕ್ಕ. ಮೂವತ್ತು ವರ್ಷ ತಾತ ಇಳಿದರು, ಬಾಮೈದ ಹಿಡಿದರು. ಎಂಟು ವರ್ಷದ ಹಿಂದೆ ಒಂದು ದಿನ ತಾತ ಬಂಡೆಯ ಅರ್ಧಕ್ಕೆ ಇಳಿದು, ಸುತ್ತ ಹುಳು ಗುಂಯ್‌ಗುಡುತ್ತಿದ್ದಾಗ, ಮೇಲೆ ಬಾಮೈದನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಾಮೈದ ಹಗ್ಗದಿಂದ ಒಂದು ಕೈ ತೆಗೆದು ಫೋನು ಎತ್ತಿದರು.

“ಯಾರಂತೆ ಫೋನಲ್ಲಿ?” ಎಂದೆ.

“ಅದ್ಯಾವಳೋ ಕಂಪ್ನಿಯೋಳಂತೆ. ‘ಪ್ರಿಯ ಗ್ರಾಹಕರೇ, ಈ ಹಾಡು ಬೇಕಾದ್ರೆ ಒಂದು ಒತ್ತಿ’ ಅಂದ್ಲಂತೆ. ನನ್ ಗಂಡ ಅಲ್ಲಿ ನೇತಾಡ್ತವ್ನೆ, ನನ್ ತಮ್ಮ ಒಂದು ಒತ್ತವ್ನೆ. ಮೂದೇವಿಗಳು ಎರಡೂವೆ.”

ತಾತ ಮೇಲೆ ಬಂದರು. ಹಗ್ಗ ಬಿಚ್ಚಿದರು. ಏನೂ ಹೇಳದೆ ಮನೆಗೆ ಹೋದರು. ಅಂದಿನಿಂದ ಬಂಡೆಗೆ ಹೋಗಲಿಲ್ಲ, ಬಾಮೈದನ ಕೂಡ ಒಂದು ಮಾತು ಆಡಲಿಲ್ಲ. ಆಡಲೇಬೇಕಾದಾಗ ನಡುವೆ ಇದ್ದ ಬೇಲಿಯ ಕಂಬಕ್ಕೆ ಹೇಳುತ್ತಿದ್ದರು. ‘ಕಂಬವೇ, ನಿನ್ನ ಮೇಕೆ ನನ್ನ ಅವರೆ ತಿಂತಾ ಅದೆ.’ ಆ ಕಡೆಯಿಂದ ಬಾಮೈದ ಅದೇ ಕಂಬಕ್ಕೆ ಉತ್ತರಿಸುತ್ತಿದ್ದರು. ಒಮ್ಮೆ ಆ ಕಂಬ ಗೆದ್ದಲು ಹಿಡಿದು ಬಿದ್ದಾಗ ಇಬ್ಬರೂ ಸೇರಿ, ಮಾತಿಲ್ಲದೆ, ಹೊಸ ಕಂಬ ನೆಟ್ಟರಂತೆ.

ಇದರಿಂದ ತಾತನಿಗೆ ಹೊಟ್ಟೆ ಉಬ್ಬರ ಶುರುವಾಗಿತ್ತು. ಎಂಟು ವರ್ಷದ ಬೈಗುಳ ಒಳಗೇ ಉಳಿದು ಹಾಗಾಗಿದೆ ಎನ್ನುವುದು ಅವರ ತೀರ್ಮಾನ. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಹೊಟ್ಟೆ ತಟ್ಟಿ, “ಗ್ಯಾಸು” ಎಂದರು. ತಾತ, “ಗ್ಯಾಸಲ್ಲ ಸ್ವಾಮಿ, ಮಾತು” ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ನನಗೂ ಮಾತ್ರೆ ಬರೆದುಕೊಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ತಾತ ಹೊರಗೆ ನೋಡುತ್ತಾ ಹೇಳಿದ ಮಾತು ನನಗೆ ಹಾಗೇ ನೆನಪಿದೆ. “ಇವ್ಳ್ ಕುಟೆ ಅಡ್ಗೆ ಮಾತಾಡ್ತೀನಿ. ಮಕ್ಳ್ ಕುಟೆ ಕೆಲ್ಸದ್ ಮಾತಾಡ್ತೀನಿ. ನಿಮ್ ಕುಟೆ ಕನ್ನಡ ಮಾತಾಡ್ತೀನಿ. ನಂದು ಅನ್ನೋ ಮಾತು ಯಾರ್ ಕುಟೆ ಆಡ್ಲಿ ಮೇಷ್ಟ್ರೆ? ಒಂದಿನ ಇಂಗೇ ಓಯ್ತೀನಿ, ಎಲ್ಲಾನೂ ಒಟ್ಟೇಲೆ ಮಡಿಕ್ಕಂಡು.” ಆಗ ನನಗೆ ಪಟ್ಟಿಯೂ ಬೇಡ, ಯೋಜನೆಯೂ ಬೇಡ, ಈ ಮನುಷ್ಯ ಒಮ್ಮೆ ಬಾಯ್ತುಂಬ ಬೈಯುವಂತಾದರೆ ಸಾಕು ಎನಿಸಿತು.

ಮೊದಲು ನಾನೇ ಬಾಮೈದನಾಗಲು ಹೋದೆ. ಬದಲಿ ವ್ಯವಸ್ಥೆ ಎಂದುಕೊಳ್ಳಿ ತಾತ, ನನಗೆ ಬೈಯಿರಿ ಎಂದೆ. ತಾತ ಬಹಳ ಹೊತ್ತು ನನ್ನನ್ನು ಅಳೆದರು. ನಿಮಗೆ ಅಕ್ಕ ಇದ್ದಾರೆಯೇ ಎಂದು ಕೇಳಿದರು. ಕೆ.ಆರ್. ನಗರಕ್ಕೆ ಕೊಟ್ಟಿದೆ, ಬಾವ ಅಕ್ಕಿ ಗಿರಣಿಯಲ್ಲಿದ್ದಾರೆ ಎಂದೆ. “ಹಂಗಾದ್ರೆ ಅವ್ರು ಬೈಬೇಕು ನಿಮ್ಗೆ. ಅವ್ರ ಪಾಲು ನಾನು ತಿನ್ನಕಾಯ್ತದಾ?” ಎಂದರು. ಆ ವಾರ ಅಕ್ಕನ ಮನೆಗೆ ಹೋಗಿ, ಬಾವನವರೇ, ನನಗೆ ಸ್ವಲ್ಪ ಬೈಯಿರಿ ಎಂದೆ. ಅವರು ಗಾಬರಿಯಾಗಿ ಅಕ್ಕನನ್ನು ಕರೆದರು. ಮೂವತ್ತು ವರ್ಷದಲ್ಲಿ ನಾವಿಬ್ಬರೂ ಮಳೆ ಮತ್ತು ಭತ್ತದ ರೇಟು ಬಿಟ್ಟು ಬೇರೆ ಮಾತಾಡಿರಲಿಲ್ಲ ಎಂದು ನನಗೆ ಹೊಳೆದದ್ದು ಅಂದೇ.

ಆಮೇಲೆ ಬಾಮೈದನ ಬಳಿ ಹೋದೆ. ತಾತ ಎಷ್ಟು ಮೌನವೋ ಇವರು ಅಷ್ಟೇ ಗಲಗಲ. ಉದ್ದ ಮೂಗು, ಉದ್ದ ಕೈ. ನಾನು ವಿಷಯ ಎತ್ತಿದ ಕೂಡಲೇ ಒಳಗಿನಿಂದ ಒಂದು ಹಗ್ಗ ತಂದು ಮುಂದೆ ಇಟ್ಟರು. ಕಾಡುಬಳ್ಳಿ ಹೊಸೆದ ಹಗ್ಗ. ಪ್ರತಿ ವರ್ಷ ಹೊಸದಾಗಿ ಹೊಸೆಯುತ್ತಿದ್ದರಂತೆ, ಬಾವ ಕರೆದರೆ ಇರಲಿ ಎಂದು. ಎಂಟು ಹಗ್ಗಗಳಾಗಿದ್ದವು.

“ಒಂದ್ ಕೈಲಿ ಇಡ್ಕಂಡಿದ್ದೆ ಮೇಷ್ಟ್ರೆ, ಬುಟ್ಟಿರ್ನಿಲ್ಲ.”

“ಸರಿ, ಆದ್ರೆ ಆ ಹೊತ್ತಲ್ಲಿ ಫೋನ್ ಯಾಕೆ ಎತ್ತಿದ್ರಿ?”

ಬಾಮೈದ ತಲೆ ತಗ್ಗಿಸಿದರು. “ಫೋನ್ ತಕಂಡು ಒಂದ್ ತಿಂಗ್ಳಾಗಿತ್ತು. ಒಬ್ರೂ ಮಾಡಿರ್ನಿಲ್ಲ. ನನ್ ಜೀವ್ಮಾನದಲ್ಲಿ ನಂಗೆ ಅಂತ ಬಂದ ಮೊದಲ್ನೇ ಫೋನು ಅದು. ಎತ್ತದೆ ಎಂಗಿರ್ಲಿ ನೀವೇ ಏಳಿ.”

ಇದನ್ನು ತಾತನಿಗೆ ಬಂದು ಹೇಳಿದೆ. ತಾತ ಟೋಪಿ ಸರಿಮಾಡಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡರು. ಒಂದು ತಿಂಗಳು ಯಾರೂ ಮಾಡಲಿಲ್ಲವೇ ಎಂದು ಎರಡು ಸಲ ಕೇಳಿದರು. ಕೊನೆಗೆ ತೀರ್ಪು ಕೊಟ್ಟರು. ಇಳಿಯುವಾಗ ಕೆಟ್ಟದ್ದು ಇಳಿಯುತ್ತಲೇ ಸರಿಹೋಗಬೇಕು. ಇನ್ನೊಮ್ಮೆ ಇಳಿಯುತ್ತೇನೆ, ಅವನು ಎರಡೂ ಕೈಲಿ ಹಿಡಿಯಲಿ. ಆಗ ಮಾತಾಡುತ್ತೇನೆ.

ಎಪ್ಪತ್ತು ದಾಟಿದ ಮುದುಕರನ್ನು ಬಂಡೆಯಿಂದ ಇಳಿಸುವವರು ಯಾರು? ಮೇಡಂ ಹೌಹಾರಿದರು. ಕಚೇರಿಗೆ ಮತ್ತೆ ಬರೆದರೆ ಈ ಸಲ ಏನು ಕೇಳುತ್ತಾರೋ ಎಂಬ ಭಯ ಬೇರೆ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗ ಅಜ್ಜಿಯೇ ಮೊರದಿಂದ ಬೊಟ್ಟು ಮಾಡಿ ತೋರಿಸಿದರು. ಹಾಡಿಯ ನಡುವೆ ನಾಲ್ಕು ಕಂಬದ ಮೇಲೆ ನಿಂತ ನೀರಿನ ಟ್ಯಾಂಕು.

“ಅಲ್ಲಿ ಜೇನಿಲ್ವಲ್ಲ ಅಜ್ಜಿ” ಎಂದರು ಮೇಡಂ.

“ನೀರೂ ಇಲ್ಲ ಬುಡವ್ವ” ಎಂದರು ಅಜ್ಜಿ.

ಒಂದು ಭಾನುವಾರ ಬೆಳಿಗ್ಗೆ ಹಾಡಿಗೆ ಹಾಡಿಯೇ ಟ್ಯಾಂಕಿನ ಕೆಳಗೆ ಸೇರಿತು. ನೀರುಗಂಟಿ ಮೊದಲು ಒಪ್ಪಲಿಲ್ಲ. ಟ್ಯಾಂಕು ಹತ್ತುವುದು ತನ್ನೊಬ್ಬನ ಅಧಿಕಾರ ಎಂದ. ಆಮೇಲೆ ವಿಷಯ ತಿಳಿದು, ಪಿರಿಯಾಪಟ್ಟಣದಲ್ಲಿರುವ ತನ್ನ ಬಾಮೈದ ಮನೆಯ ಕಡೆ ತಲೆ ಹಾಕದೆ ಮೂರು ವರ್ಷವಾಯಿತು ಎಂದು ಕಣ್ಣೊರೆಸಿಕೊಂಡು ದಾರಿ ಬಿಟ್ಟ. ಇರುವುದು ಒಂದೇ ಕಬ್ಬಿಣದ ಏಣಿ. ಮೊದಲು ಯಾರು ಹತ್ತುವುದು? ಹಿಂದೆ ಹತ್ತುವುದು ಇಬ್ಬರಿಗೂ ಅವಮಾನ. ಮಾತಾಡಿ ತೀರ್ಮಾನಿಸಲು ಮಾತಿಲ್ಲ. ನಾನೇ ಮಧ್ಯೆ ನಿಂತು, ಹಗ್ಗ ಮೊದಲು ಹತ್ತಲಿ, ಹಗ್ಗ ಹಿಡಿದವರು ಅದರ ಜೊತೆ ಹೋಗಲಿ ಎಂದೆ. ಬಾಮೈದ ಹಗ್ಗದ ಜೊತೆ ಹೋದರು. ಸುರಕ್ಷತೆಗೆ ಟ್ಯಾಂಕಿನ ಕಂಬಿಗೂ ಹಗ್ಗದ ಒಂದು ಸುತ್ತು ಹಾಕೋಣ ಎಂದದ್ದಕ್ಕೆ ತಾತ ನನ್ನನ್ನು ಸುಡುವಂತೆ ನೋಡಿದರು. “ಕಂಬಿ ನಂಗೆ ಬಾಮೈದನಾ?”

ತಾತನದು ಇನ್ನೂ ಒಂದು ಷರತ್ತಿತ್ತು. ಕಿವಿಗೆ ಕೇಳುವಷ್ಟು ದೂರದಲ್ಲಿ ಒಂದೂ ಫೋನು ಇರಕೂಡದು. ಅಜ್ಜಿ ಬಿದಿರಿನ ಮಂಕರಿ ಹಿಡಿದು ಎಲ್ಲರ ಫೋನುಗಳನ್ನೂ ತುಂಬಿಸಿಕೊಂಡರು. ಮೇಡಂ ತಮ್ಮ ರೆಕಾರ್ಡರನ್ನು ಎದೆಗೆ ಅವುಚಿಕೊಂಡು, ಇದು ಫೋನಲ್ಲ ತಾತ, ಬರೀ ಕೇಳಿಸಿಕೊಳ್ಳುತ್ತದೆ ಎಂದು ಅಂಗಲಾಚಿದರು.

“ತಿರುಗ್ಸಿ ಒಂದ್ ಮಾತೂ ಆಡ್ದೆ ಬರೀ ಕೇಳ್ಸ್ಕಳದು ಇನ್ನೂ ಮೋಸ ಕಣವ್ವ” ಎಂದರು ತಾತ.

ರೆಕಾರ್ಡರೂ ಮಂಕರಿಗೆ ಬಿತ್ತು. ಅಷ್ಟೇ ಅಲ್ಲ, ಬಾವ–ಬಾಮೈದರ ಮಾತು ಹೆಂಗಸರ ಕಿವಿಗೆ ಬೀಳುವಂತಿಲ್ಲ. ಅಜ್ಜಿ ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡು, ಹೆಂಗಸರನ್ನೂ ಮೇಡಂ ಅವರನ್ನೂ ಕರೆದುಕೊಂಡು ಶಾಲೆಯ ಆಚೆಗೆ ನಡೆದರು. ಯೋಜನೆ ಇಷ್ಟು ದಿನ ಕಾದಿದ್ದ ಒಂದೇ ಒಂದು ಗಳಿಗೆ ಬಂದಾಗ ಯೋಜನೆಯ ಮೇಡಂ ಬೆನ್ನು ತಿರುಗಿಸಿ ಹೋಗುತ್ತಿದ್ದರು. ಹೋಗುವಾಗ ನನ್ನ ಕೈಗೆ ಒಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ತುರುಕಿದರು. ಮೇಷ್ಟ್ರು ಇರಲಿ ಎಂದು ತಾತ ಒಪ್ಪಿದ್ದರು. “ಅವ್ರು ಇಪ್ಪತ್ತೊರ್ಸದಿಂದ ಅವ್ರೆ, ಏನೂ ಅರ್ಥ ಆಗಲ್ಲ” ಎನ್ನುವುದು ಅವರ ಸಮರ್ಥನೆ. ನನ್ನ ಬಗ್ಗೆ ಅಷ್ಟು ನಿಜವಾದ ಮಾತನ್ನು ಯಾವ ಇನ್‌ಸ್ಪೆಕ್ಟರೂ ಬರೆದಿರಲಿಲ್ಲ.

ತಾತ ಟ್ಯಾಂಕಿನ ಮೇಲೆ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಏಣಿಯಲ್ಲಿ ನಾಲ್ಕು ಮೆಟ್ಟಿಲು ಕೆಳಗಿಳಿದು ನಿಂತರು. ಹಗ್ಗ ಬಿಗಿಯಾಯಿತು. ತಾತ ಹಗ್ಗವನ್ನು ಒಮ್ಮೆ ಜಗ್ಗಿ, ತಲೆ ಎತ್ತದೆ, ತಮ್ಮ ಮಾತಿನಲ್ಲಿ ಕೇಳಿದರು. ನನಗೂ ಅರ್ಥವಾಯಿತು.

“ಎಷ್ಟು ಕೈ?”

ಮೇಲಿನಿಂದ ಬಾಮೈದ ಹೇಳಿದರು. “ಎರಡು.”

ಎಂಟು ವರ್ಷದ ನಂತರ ಆಡಿದ ಮೊದಲ ಮಾತುಗಳು ಇವು. ಆಮೇಲೆ ತಾತ ಒಂದು ಬೈಗುಳ ಬೈದರು. ಅದನ್ನು ಇಲ್ಲಿ ಬರೆಯುವಂತಿಲ್ಲ, ನೀವು ಯಾರೂ ನನಗೆ ಬಾಮೈದರಲ್ಲ. ಸುಮಾರಾಗಿ ಹೇಳುವುದಾದರೆ ಅದರಲ್ಲಿ ಬಾಮೈದನ ಮೂಗು, ಒಂದು ಕರಡಿ, ಮತ್ತು ಕೊನೆಯಲ್ಲಿ ಆ ಕರಡಿಗಾದ ನಿರಾಸೆ ಇದ್ದವು. ಮೇಲಿನಿಂದ ಬಂದ ಉತ್ತರದಲ್ಲಿ ತಾತನ ಮದುವೆಯ ದಿನದ ಒಂದು ಘಟನೆಯೂ ಒಂದು ಹಲಸಿನ ಹಣ್ಣೂ ಇದ್ದವು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ತಾತ ಯಾರ ಪ್ರಶ್ನೆಗೂ ಕಾದು ಉತ್ತರಿಸುವ ಮನುಷ್ಯ ಎಂದೆನಲ್ಲ, ಆ ಮನುಷ್ಯ ಇವರೇನಾ ಎನಿಸಿತು. ಬಾಮೈದನ ಮಾತು ಮುಗಿಯುವ ಮೊದಲೇ ಇವರ ಉತ್ತರ ಅದರ ಬಾಲ ಹಿಡಿದಿರುತ್ತಿತ್ತು. ಕೆಳಗಿದ್ದ ಹುಡುಗರು ಮೊದಲು ಮಿಕಮಿಕ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನಕ್ಕರು. ಕೆಲವರಿಗೆ ಪದ ಗೊತ್ತಿರಲಿಲ್ಲ, ಆದರೂ ನಕ್ಕರು. ನಾನು ಬರೆಯಲು ಹೋದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ನೋಟ್‌ಬುಕ್ಕಿನಲ್ಲಿ ಪೂರ್ತಿ ಬಂದದ್ದು ಒಂದೇ ಒಂದು ವಾಕ್ಯ. ಒಂದು ಗಂಟೆಯ ಮೇಲೆ ತಾತನಿಗೆ ಜೋರಾಗಿ ಒಂದು ತೇಗು ಬಂತು. ಅಲ್ಲಿಗೆ ಹೊಟ್ಟೆ ಉಬ್ಬರ ವಾಸಿಯಾಯಿತು.

ಮೇಡಂ ಪಾಪ ಅತ್ತುಬಿಟ್ಟರು. ಆಮೇಲೆ ನಕ್ಕರು. ಅವರ ವರದಿಯಲ್ಲಿ ಆ ವಿಭಾಗದ ಎದುರಿಗೆ ‘ಇದೆ. ಕೊಡುವುದಿಲ್ಲ’ ಎಂದು ಬರೆದರಂತೆ.

ತಾತ ಇನ್ನೊಂದು ವರ್ಷ ಬದುಕಿದ್ದರು. ಆ ವರ್ಷ ಪೂರ್ತಿ ಇಬ್ಬರೂ ಬೇಲಿಯ ಆ ಕಡೆ ಈ ಕಡೆ ಕೂತು ಬೆಳಗಿನ ಕಾಫಿಯಿಂದ ಬೈದಾಡಿಕೊಳ್ಳುತ್ತಿದ್ದರು. ಅಜ್ಜಿ ದಿನವಿಡೀ ಕಿವಿಗೆ ಹತ್ತಿ ಇಟ್ಟುಕೊಂಡು, ಆದರೂ ಎಲ್ಲಿ ನಗಬೇಕೋ ಅಲ್ಲಿ ಸರಿಯಾಗಿ ನಗುತ್ತಿದ್ದರು. ನಾನು ತರಗತಿಯಲ್ಲಿ ಮಕ್ಕಳ ಬಾಯಿಯ ಮೇಲಿಂದ ಬೆರಳು ತೆಗೆದೆ. ತಡವಾಗಿತ್ತು. ಮನೆಯ ಮಾತಾಡಿ ಎಂದರೆ ಅವರು ನನ್ನನ್ನು ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆ ಕೇಳಿದವನಂತೆ ನೋಡುತ್ತಿದ್ದರು.

ಮಳೆ ಬಿಟ್ಟ ಒಂದು ಮಧ್ಯಾಹ್ನ ಸುದ್ದಿ ಬಂತು. ಊಟ ಮಾಡಿ, ಬಾಮೈದನಿಗೆ ಏನೋ ಅಂದು, ಅವರ ಉತ್ತರಕ್ಕೆ ನಗುತ್ತಾ ಒರಗಿದವರು ಏಳಲಿಲ್ಲವಂತೆ.

ಮಣ್ಣು ಮಾಡುವ ಜಾಗಕ್ಕೆ ನಾನೂ ಹೋದೆ. ಗುಂಡಿಗೆ ಇಳಿಸಿ ಆಗಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಿಡಿದು ಕಾಯುತ್ತಿದ್ದರು. ಬಾಮೈದ ಗುಂಡಿಯ ಅಂಚಿಗೆ ಬಂದು ನಿಂತು, ಎರಡೂ ಕೈ ಕಟ್ಟಿಕೊಂಡು, ಬೈಯಲು ಶುರು ಮಾಡಿದರು. ಇದು ಅವರ ಪದ್ಧತಿಯೋ, ಅವರಿಗೆ ಆ ಗಳಿಗೆಯಲ್ಲಿ ತೋಚಿದ್ದೋ ನನಗೆ ಗೊತ್ತಿಲ್ಲ. ಒಂದು ಬೈಗುಳ ಬೈದು ನಿಲ್ಲಿಸುವರು. ಉತ್ತರ ಬರಬೇಕಾದಷ್ಟು ಹೊತ್ತು ಕಾಯುವರು. ಮತ್ತೆ ಬೈಯುವರು. ಮತ್ತೆ ಕಾಯುವರು. ಹಾಡಿಯ ಗಂಡಸರು ನೆಲ ನೋಡುತ್ತಾ ನಿಂತಿದ್ದರು. ಉತ್ತರ ಒಬ್ಬರಿಗೂ ಗೊತ್ತಿರಲಿಲ್ಲ. ಮೂರನೆಯ ಸಲ ಕಾಯುವಾಗ ಬಾಮೈದ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆ ಮೌನ ನನ್ನ ಕೈಯಿಂದ ಆದದ್ದು ಎಂದು ಅನಿಸಿ ನನಗೆ ನಿಲ್ಲಲಾಗಲಿಲ್ಲ. ಅಲ್ಲಿದ್ದ ಅರ್ಧಕ್ಕರ್ಧ ಗಂಡಸರು ನನ್ನ ಶಿಷ್ಯರೇ.

ನನಗೆ ಬಾಯಿಪಾಠವಿದ್ದದ್ದು ಒಂದೇ ವಾಕ್ಯ. ಗುಂಡಿಯ ಈ ಕಡೆಯಿಂದ, ಎಲ್ಲರ ಎದುರಿಗೆ, ಅದನ್ನು ಬಾಮೈದನ ಮುಖಕ್ಕೆ ಹೇಳಿಬಿಟ್ಟೆ.

ದೂರದಲ್ಲಿ ಹೆಂಗಸರ ಗುಂಪಿನಿಂದ, ಅಳುತ್ತಿದ್ದ ಅಜ್ಜಿಯ ಗಂಟಲಿನಿಂದಲೇ, ಕಿಸಕ್ಕನೆ ಒಂದು ನಗು ಬಂತು.

ಬಾಮೈದ ಮೂಗು ಒರೆಸಿಕೊಂಡು ನನ್ನನ್ನು ನೋಡಿದರು.

“ಮೇಷ್ಟ್ರೆ, ಅದು ಅವ್ನು ನಂಗೆ ಅಂದಿದ್ದಲ್ಲ. ನಾನು ಅವ್ನಿಗೆ ಅಂದಿದ್ದು.”

“ತಪ್ಪಾಯ್ತು” ಎಂದೆ.

“ಇರ್ಲಿ ಬುಡಿ” ಎಂದರು ಬಾಮೈದ. ಗುಂಡಿಯೊಳಗೆ ಒಮ್ಮೆ ನೋಡಿದರು. “ಇನ್ನೊಂದ್ಸಲ ಅನ್ನಿ.”

ನಾನು ಇನ್ನೊಂದು ಸಲ ಅಂದೆ.